ಹಾಲಿನ ಲೆಕ್ಕದಲ್ಲಿ ಕಟ್ಟಿದ ಮೇಕೆ ಶೆಡ್ಡು: ಒಂದು ಪ್ರಕರಣ ಅಧ್ಯಯನ

ತುಮಕೂರು ಜಿಲ್ಲೆಯ ಒಣ ತಾಲ್ಲೂಕೊಂದರಲ್ಲಿ ಪಶುಪಾಲನಾ ಇಲಾಖೆಯ ಕ್ಷೇತ್ರ ಸಿಬ್ಬಂದಿಯಾಗಿ ಮೂವತ್ತೈದು ವರ್ಷಕ್ಕೂ ಮಿಕ್ಕಿ ದುಡಿದವರೊಬ್ಬರು, ನಿವೃತ್ತಿಯಾದ ಮೇಲೆ ಮಾಂಸದ ಮೇಕೆ ಸಾಕಣೆಗೆ ಇಳಿದು, ಮೊದಲ ಎರಡು ವರ್ಷ ಕೈ ಸುಟ್ಟುಕೊಂಡು, ಆಮೇಲೆ ಅದೇ ಶೆಡ್ಡಿನಲ್ಲಿ ಅದೇ ಕಸುಬನ್ನು ಬೇರೊಂದು ಲೆಕ್ಕದ ಮೇಲೆ ನಡೆಸಿದ ವಿವರ ಇಲ್ಲಿದೆ. ಊರು ಮತ್ತು ಕುಟುಂಬದ ವಿವರಗಳನ್ನು ಮರೆಮಾಡಲಾಗಿದೆ. ಮಂದೆಯ ಸಂಖ್ಯೆಗಳನ್ನು ಗುರುತು ಸಿಗದಷ್ಟು ಮಾತ್ರ ಹೆಚ್ಚುಕಡಿಮೆ ಮಾಡಲಾಗಿದೆ. ಅವರನ್ನು ಯಜಮಾನರು ಎಂದೂ ಅವರ ಪತ್ನಿಯನ್ನು ಅಮ್ಮ ಎಂದೂ ಕರೆದಿದ್ದೇನೆ. ಸುತ್ತಲಿನ ಹಳ್ಳಿಯವರು ಕರೆಯುವುದೂ ಹಾಗೆಯೇ. ಪಶುವೈದ್ಯನಾಗಿ ಈ ಮಂದೆಯ ಹಿಕ್ಕೆ ಪರೀಕ್ಷೆಯನ್ನೂ ಸತ್ತ ಮರಿಗಳ ಮರಣೋತ್ತರ ಪರೀಕ್ಷೆಯನ್ನೂ ನಾನು ಮಾಡಿದ್ದೇನೆ. ಅವರ ದಾಖಲೆ ಪುಸ್ತಕಗಳನ್ನು ಅವರ ಒಪ್ಪಿಗೆಯಿಂದ ಓದಿದ್ದೇನೆ.

ಹಿನ್ನೆಲೆ

ಯಜಮಾನರು 1980ರ ಆಸುಪಾಸಿನಲ್ಲಿ ಕೆಲಸಕ್ಕೆ ಸೇರಿದರು. ಆಗ ಇಲಾಖೆಯ ಮುಂದೆ ಎರಡು ದೊಡ್ಡ ಕೆಲಸಗಳಿದ್ದವು. ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗಕ್ಕೆ ಊರೂರು ಸುತ್ತಿ ಲಸಿಕೆ ಹಾಕುವುದು ಒಂದು; ನಾಟಿ ಹಸುಗಳಿಗೆ ಜರ್ಸಿ ಮತ್ತು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಹೋರಿಗಳ ವೀರ್ಯ ಕೊಟ್ಟು ಮಿಶ್ರತಳಿ ಕರು ಹುಟ್ಟಿಸುವುದು ಇನ್ನೊಂದು. ಎರಡರಲ್ಲೂ ಅವರ ತಲೆಮಾರಿನವರು ಗೆದ್ದರು. 2006ರಲ್ಲಿ ಭಾರತಕ್ಕೆ ದೊಡ್ಡರೋಗ ಮುಕ್ತ ದೇಶವೆಂಬ ಮನ್ನಣೆ ಬಂತು. 2011ರಲ್ಲಿ ಇಡೀ ಜಗತ್ತಿನಿಂದಲೇ ಆ ರೋಗ ಅಳಿದುಹೋಯಿತೆಂದು ಘೋಷಣೆಯಾಯಿತು. ಮಿಶ್ರತಳಿ ಹಸುಗಳು ಬಂದ ಮೇಲೆ ಒಂದೆರಡು ಲೀಟರ್ ಹಾಲು ಕಾಣುತ್ತಿದ್ದ ಮನೆಗಳು ಕ್ಯಾನುಗಟ್ಟಲೆ ಹಾಲನ್ನು ಸಂಘದ ಡೇರಿಗೆ ಹಾಕತೊಡಗಿದವು. ವೀರ್ಯ ಕೆಡದಂತೆ ಇಡುವ ದ್ರವ ಸಾರಜನಕದ ಜಾಡಿಯನ್ನು ಸೈಕಲ್ಲಿಗೆ, ಆಮೇಲೆ ಮೋಟಾರು ಸೈಕಲ್ಲಿಗೆ ಕಟ್ಟಿಕೊಂಡು ತಿರುಗಿದ ಯಜಮಾನರಿಗೆ ಈ ಬದಲಾವಣೆಯಲ್ಲಿ ತಮ್ಮ ಕೈಯೂ ಇದೆಯೆಂಬ ಹೆಮ್ಮೆ ಇತ್ತು, ಮತ್ತು ಆ ಹೆಮ್ಮೆ ನ್ಯಾಯವಾದದ್ದೇ ಆಗಿತ್ತು.

ಈ ಅನುಭವದಿಂದ ಅವರ ಮನಸ್ಸಿನಲ್ಲಿ ಒಂದು ಸೂತ್ರ ಗಟ್ಟಿಯಾಗಿ ಕೂತಿತ್ತು: ಒಳ್ಳೆಯ ತಳಿ ತಂದು, ಗಾಳಿ ಬೆಳಕಿನ ಕೊಟ್ಟಿಗೆ ಕಟ್ಟಿ, ಕೈತಿಂಡಿ ಹಾಕಿ, ಕಾಯಿಲೆಗೆ ಸಕಾಲದಲ್ಲಿ ಔಷಧಿ ಕೊಟ್ಟರೆ ಪ್ರಾಣಿ ಹಾಕಿದ್ದನ್ನು ತಿರುಗಿ ಕೊಡುತ್ತದೆ. ಹಸುವಿನ ಮಟ್ಟಿಗೆ ಇದು ನಿಜ. ಒಂದು ಹಸು ವರ್ಷಕ್ಕೆ ಒಂದೇ ಕರು ಹಾಕಿದರೂ ಅದರ ಆದಾಯ ಕರುವಿನಲ್ಲಿಲ್ಲ, ಹಾಲಿನಲ್ಲಿದೆ. ಆ ಹಾಲಿಗೆ ಬೆಳಿಗ್ಗೆ ಸಂಜೆ ಗೊತ್ತಾದ ದರದಲ್ಲಿ ಕೊಳ್ಳುವವರಿದ್ದಾರೆ. ಕೈತಿಂಡಿಯ ಖರ್ಚು ಹದಿನೈದು ದಿನದ ಬಟವಾಡೆಯಲ್ಲಿ ವಾಪಸು ಬರುತ್ತದೆ. ಮಾಂಸದ ಮೇಕೆಯಲ್ಲಿ ಇವು ಯಾವುವೂ ಇಲ್ಲ. ತಾಯಿ ಮೇಕೆ ವರ್ಷವಿಡೀ ತಿನ್ನುವುದಕ್ಕೆಲ್ಲ ಪ್ರತಿಫಲ ಎಂದರೆ ಅದರ ಮರಿ, ಅದೂ ಬದುಕಿ ಉಳಿದು ಮಾರಾಟದ ತೂಕಕ್ಕೆ ಬಂದ ಮರಿ. ಈ ವ್ಯತ್ಯಾಸ ಕೇಳುವುದಕ್ಕೆ ಎಷ್ಟು ಸರಳವೆಂದರೆ, ಯಜಮಾನರೇ ಇದನ್ನು ರೈತ ತರಬೇತಿಗಳಲ್ಲಿ ಹಲವು ಬಾರಿ ಹೇಳಿದ್ದರು. ಆದರೂ ತಮ್ಮ ಶೆಡ್ಡು ಕಟ್ಟುವಾಗ ಅವರು ಕಟ್ಟಿದ್ದು ಡೇರಿಯ ಲೆಕ್ಕದಲ್ಲಿ.

ಘಟಕ ಹೇಗೆ ಶುರುವಾಯಿತು

2015ರ ಕೊನೆಗೆ ನಿವೃತ್ತಿ. ನಾಲ್ಕು ಎಕರೆ ಜಮೀನು, ಅದರಲ್ಲೊಂದು ಕೊಳವೆಬಾವಿ, ಪಕ್ಕದಲ್ಲಿ ಗೋಮಾಳ ಮತ್ತು ಕುರುಚಲು ಕಾಡಿನ ಅಂಚು. ನಿವೃತ್ತಿಯ ಹಣದ ಜೊತೆಗೆ ಬ್ಯಾಂಕಿನ ಸಾಲ. ಹೂಡಿದ ಹಣದ ಅರ್ಧಕ್ಕಿಂತ ಹೆಚ್ಚು ಪಾಲು ಶೆಡ್ಡಿಗೇ ಹೋಯಿತು: ನೆಲದಿಂದ ಐದಡಿ ಎತ್ತರದ ಕಂಬಗಳ ಮೇಲೆ ಹಲಗೆಯ ನೆಲ, ಹಿಕ್ಕೆ ಕೆಳಗೆ ಬೀಳಲು ಹಲಗೆಗಳ ನಡುವೆ ಬೆರಳಗಲದ ಸಂದು, ತಗಡಿನ ಮಾಡು, ಸಿಮೆಂಟಿನ ಗೋದಲಿ. ಮೇಕೆಗಳನ್ನು ಹೊರಗೆ ಬಿಡದೆ ನೇಪಿಯರ್ ಹುಲ್ಲು, ಮೆಕ್ಕೆಜೋಳ, ಚೊಗಚೆ ಬೆಳೆದು ಕೊಟ್ಟಿಗೆಯಲ್ಲೇ ಸಾಕುವ ಯೋಜನೆ.

ಮೊದಲ ದೊಡ್ಡ ತೀರ್ಮಾನ ತಳಿಯದು. ಆ ಸುತ್ತಿನ ನಾಟಿ ಮೇಕೆಗಳನ್ನು, ಅಂದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದಲ್ಲಿ ಹಿಂದಿನಿಂದ ಇರುವ, ಈಗ ನಂದಿದುರ್ಗ ಎಂಬ ಹೆಸರಿನಲ್ಲಿ ಅಧಿಕೃತ ತಳಿಯಾಗಿ ನೋಂದಣಿಯಾಗಿರುವ ಮೇಕೆಗಳನ್ನು, ಯಜಮಾನರು ಗಣನೆಗೇ ತೆಗೆದುಕೊಳ್ಳಲಿಲ್ಲ. ನಾಟಿ ಹಸುವಿನ ಬಗ್ಗೆ ಇದ್ದ ಅಭಿಪ್ರಾಯವೇ ನಾಟಿ ಮೇಕೆಯ ಬಗ್ಗೆಯೂ ಇತ್ತು. ರಾಜಸ್ಥಾನ ಮೂಲದ ಸಿರೋಹಿ, ಉತ್ತರ ಪ್ರದೇಶ ಮೂಲದ ಜಮನಾಪಾರಿಯ ಬೆರಕೆ ಹೆಣ್ಣುಗಳು, ಜೊತೆಗೆ ದುಬಾರಿ ಬೆಲೆಯ ಬೋಯರ್ ಹೋತಗಳು ಬಂದವು. ದಕ್ಷಿಣ ಆಫ್ರಿಕಾದಲ್ಲಿ ಮಾಂಸಕ್ಕೆಂದೇ ರೂಪಿಸಿದ ಬೋಯರ್‌ನ ಬೆಳವಣಿಗೆಯ ವೇಗ ಸುಳ್ಳಲ್ಲ. ಎದೆ, ತೊಡೆ ತುಂಬಿಕೊಂಡ ಪ್ರಾಣಿ ಅದು. ಆದರೆ ಯಜಮಾನರ ವ್ಯಾಪಾರದ ಲೆಕ್ಕ ಕೂತದ್ದು ಮಾಂಸದ ಮೇಲೆ ಅಲ್ಲ. ತಳಿ ಮರಿಗಳನ್ನು ಹೊಸದಾಗಿ ಘಟಕ ಮಾಡುವವರಿಗೆ ಕಟುಕನ ದರಕ್ಕಿಂತ ಹಲವು ಪಟ್ಟು ಬೆಲೆಗೆ ಮಾರಬಹುದು ಎಂಬುದು ಅವರಿಗೆ ಮೇಕೆ ಮಾರಿದವರು ಕೊಟ್ಟ ಭರವಸೆ.

ಈ ಮಾತಿನಲ್ಲಿರುವ ತೊಡಕನ್ನು ಬಿಡಿಸಿ ಹೇಳಬೇಕು. ತಳಿ ಮರಿಗೆ ದುಬಾರಿ ಬೆಲೆ ಕೊಡುವವನು ತಾನೂ ತಳಿ ಮರಿ ಮಾರುವ ಆಸೆಯಿಂದಲೇ ಕೊಳ್ಳುತ್ತಾನೆ. ಹೊಸಬರು ಬರುತ್ತಿರುವವರೆಗೆ ಬೆಲೆ ನಿಲ್ಲುತ್ತದೆ. ಬರುವುದು ನಿಂತ ದಿನ ಎಲ್ಲ ಮರಿಗಳೂ ಸಂತೆಯ ದರಕ್ಕೆ ಇಳಿಯುತ್ತವೆ. ಮೇಕೆಗೆ ಕೊನೆಯ ಗಿರಾಕಿ ಎಂದಿದ್ದರೂ ಮಾಂಸದ ಅಂಗಡಿಯವನೇ. ಯಜಮಾನರ ಮೊದಲ ಮರಿಗಳು ಮಾರಾಟಕ್ಕೆ ಬರುವ ಹೊತ್ತಿಗೆ ಸುತ್ತಮುತ್ತ ಆಗಲೇ ಇಂಥ ಘಟಕಗಳು ಎದ್ದಿದ್ದವು. ತಳಿ ಮರಿಯ ದರದಲ್ಲಿ ಅವರು ಮಾರಿದ್ದು ಬೆರಳೆಣಿಕೆಯಷ್ಟು.

ಮೊದಲ ಪೆಟ್ಟು

ಸಾಲ ಕೊಟ್ಟವರು ತಪಾಸಣೆಗೆ ಬರುವ ಹೊತ್ತಿಗೆ ಶೆಡ್ಡಿನಲ್ಲಿ ಪೂರ್ತಿ ಸಂಖ್ಯೆ ತೋರಿಸಬೇಕಿತ್ತು. ಇಪ್ಪತ್ತಕ್ಕೂ ಹೆಚ್ಚು ಮೇಕೆಗಳ ಕೊರತೆ ಬಿದ್ದುದರಿಂದ ಸಂತೆಯಿಂದ ಒಂದೇ ಸಲಕ್ಕೆ ತಂದು, ಬಂದ ದಿನವೇ ಪಿಪಿಆರ್ ಎಂಬ ಕುರಿ ಮೇಕೆಗಳ ಅಂಟುರೋಗದ ಲಸಿಕೆ ಹಾಕಿ, ಹಳೆಯವುಗಳ ಜೊತೆ ಕೂಡಿಸಿದರು. ಐದಾರು ದಿನದಲ್ಲಿ ಹೊಸ ಮೇಕೆಗಳಿಗೆ ಜ್ವರ, ಮೂಗಿನಿಂದ ಗಟ್ಟಿ ಸಿಂಬಳ, ಒಸಡಿನ ಮೇಲೆ ಹಿಟ್ಟು ಉದುರಿಸಿದಂಥ ಹುಣ್ಣು, ಆಮೇಲೆ ವಾಸನೆಯ ಭೇದಿ. ನಮ್ಮಲ್ಲಿ ಹಿರೇಬೇನೆ ಎನ್ನುವ ಪಿಪಿಆರ್. ಲಸಿಕೆ ಹಾಕುವ ಮೊದಲೇ ಸೋಂಕು ಮೈಯಲ್ಲಿತ್ತು. ಲಸಿಕೆ ರಕ್ಷಣೆ ಕೊಡಲು ಬೇಕಾದ ವಾರಗಳ ಸಮಯ ಸಿಗಲಿಲ್ಲ. ಹನ್ನೆರಡು ದೊಡ್ಡ ಮೇಕೆ ಸತ್ತವು, ಗಬ್ಬದವು ಕೆಲವು ಕಂದು ಹಾಕಿದವು.

ಹೊಸ ಪ್ರಾಣಿಯನ್ನು ಮೂರರಿಂದ ನಾಲ್ಕು ವಾರ ಬೇರೆ ಇಡಬೇಕು ಎಂಬುದು ಯಜಮಾನರಿಗೆ ಕಂಠಪಾಠ. ಈ ಲಸಿಕೆಯ ಗುಣವೂ ಅವರಿಗೆ ಗೊತ್ತು: ಮುಕ್ತೇಶ್ವರದಲ್ಲಿ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ರೂಪಿಸಿದ ಸುಂಗ್ರಿ 96 ಎಂಬ ವೈರಾಣು ತಳಿಯ ಲಸಿಕೆ, ಚರ್ಮದಡಿ 1 ಮಿ.ಲೀ., ಸರಿಯಾಗಿ ಹಾಕಿದರೆ ಮೂರು ವರ್ಷ ಕಾಯುತ್ತದೆ. ಗೊತ್ತಿದ್ದೂ ಮಾಡದೆ ಇದ್ದದ್ದು ಅಜ್ಞಾನದಿಂದಲ್ಲ, ತಾರೀಖಿನ ಒತ್ತಡದಿಂದ. ಒಂದೇ ಸಲಕ್ಕೆ ಸಂಖ್ಯೆ ತುಂಬಿಸಬೇಕಾದ ಯಾವ ಯೋಜನೆಯಲ್ಲಾದರೂ ಈ ಒತ್ತಡ ಇದ್ದೇ ಇರುತ್ತದೆ. ಆದ್ದರಿಂದ ಇದನ್ನು ಒಬ್ಬ ವ್ಯಕ್ತಿಯ ಉದಾಸೀನವೆಂದು ಓದಬಾರದು.

ಮರಿಗಳ ಸಾವು

ಹಿರೇಬೇನೆಯ ನಷ್ಟ ಕಣ್ಣಿಗೆ ಹೊಡೆಯುವಂಥದ್ದು. ಘಟಕವನ್ನು ನಿಜವಾಗಿ ಕುಸಿಯುವಂತೆ ಮಾಡಿದ್ದು ಅದಲ್ಲ, ಮರಿಗಳ ಸಾವು. ಎರಡನೆಯ ವರ್ಷದ ಲೆಕ್ಕ ನೋಡಿದರೆ, 58 ಮೇಕೆಗಳು ಈದು 71 ಮರಿಗಳು ಹುಟ್ಟಿದ್ದವು. ಮೂರು ತಿಂಗಳು ದಾಟಿದ್ದು 38. ಇವತ್ತೊಂದು, ಮುಂದಿನ ವಾರ ಇನ್ನೊಂದು ಎಂದು ಹೋಗುತ್ತಿದ್ದುದರಿಂದ ಒಟ್ಟು ಮೊತ್ತ ಯಾರಿಗೂ ತಟ್ಟಲಿಲ್ಲ.

ಇಲ್ಲಿ ಅವರ ವೃತ್ತಿಯ ಅಭ್ಯಾಸವೇ ಅಡ್ಡ ಬಂತು. ಆಸ್ಪತ್ರೆಗೆ ಬಂದ ಪ್ರಾಣಿಯನ್ನು ನೋಡಿ ಔಷಧಿ ಕೊಟ್ಟು ಕಳಿಸುವ ಕೆಲಸ ಮಾಡಿದವರು ಪ್ರತಿ ಸಾವನ್ನೂ ಒಂದು ಪ್ರತ್ಯೇಕ ಕಾಯಿಲೆಯಾಗಿ ನೋಡುತ್ತಾರೆ. ಕೆಮ್ಮಿದ ಮರಿಗೆ ಆ್ಯಂಟಿಬಯೋಟಿಕ್, ಸೊರಗಿದ್ದಕ್ಕೆ ಲಿವರ್ ಟಾನಿಕ್, ಭೇದಿಗೆ ಸಲ್ಫಾ, ಎಲ್ಲಕ್ಕೂ ತಿಂಗಳಿಗೊಮ್ಮೆ ಒಂದೇ ಜಂತುನಾಶಕ, ಅದೂ ಕುರಿಯ ಪ್ರಮಾಣದಲ್ಲಿ. ಮೇಕೆಯ ದೇಹ ಈ ಔಷಧಿಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುವುದರಿಂದ ಕುರಿಯ ಪ್ರಮಾಣ ಸಾಲದು. ಸಾಲದ ಪ್ರಮಾಣವನ್ನು ಮತ್ತೆ ಮತ್ತೆ ಕೊಟ್ಟರೆ ಔಷಧಿಗೆ ಬಗ್ಗದ ಹುಳುಗಳು ಮಾತ್ರ ಉಳಿದು ಹೆಚ್ಚುತ್ತವೆ. ಹಿಕ್ಕೆ ಪರೀಕ್ಷೆಯಲ್ಲಿ ಔಷಧಿ ಕೊಟ್ಟ ಎರಡು ವಾರದ ಮೇಲೂ ಮೊಟ್ಟೆಗಳ ಸಂಖ್ಯೆ ಅಷ್ಟಾಗಿ ಇಳಿದಿರಲಿಲ್ಲ.

ತಿರುವು ಬಂದದ್ದು ದಾಖಲೆ ಪುಸ್ತಕದಿಂದ, ಮತ್ತು ಅಮ್ಮನ ಒಂದು ಮಾತಿನಿಂದ. ಯಜಮಾನರು ಇಲಾಖೆಯ ಶಿಸ್ತಿನಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದರು: ತಾರೀಖು, ಕಿವಿಯ ನಂಬರು, ಲಕ್ಷಣ, ಕೊಟ್ಟ ಔಷಧಿ. ಪುಸ್ತಕ ತಾರೀಖಿನ ಕ್ರಮದಲ್ಲಿತ್ತು. ಕುರಿ ಮೇಕೆಯ ಮನೆಯಲ್ಲೇ ಹುಟ್ಟಿ ಬೆಳೆದ ಅಮ್ಮ ಒಂದು ಸಂಜೆ, “ಯಾವ ದಿನ ಸತ್ತಿತು ಅಂತ ಬರ್ಕೊಂಡ್ರೆ ಏನು ಬಂತು? ಯಾವ ತಾಯಿದು ಸತ್ತಿತು ಅಂತ ನೋಡಿ” ಎಂದರು. ಯಜಮಾನರು ಹೊಸ ಪುಸ್ತಕ ತೆಗೆದು, ಒಂದೊಂದು ತಾಯಿಗೆ ಒಂದೊಂದು ಪುಟ ಮಾಡಿ, ಎರಡು ವರ್ಷದ ಸಾವುಗಳನ್ನೆಲ್ಲ ಅಲ್ಲಿಗೆ ಇಳಿಸಿದರು. ಆ ಪುಸ್ತಕವನ್ನು ಅವರು ನನಗೆ ತೋರಿಸಿದಾಗ ಔಷಧಿಯ ವಿಷಯ ಮಾತಾಡುವ ಅಗತ್ಯವೇ ಬೀಳಲಿಲ್ಲ. ಮೂರು ಸಂಗತಿಗಳು ಎದ್ದು ಕಾಣುತ್ತಿದ್ದವು.

ಹೋತಗಳು ವರ್ಷವಿಡೀ ಮಂದೆಯಲ್ಲೇ ಇದ್ದುದರಿಂದ ಮರಿಗಳು ಹನ್ನೆರಡು ತಿಂಗಳೂ ಹುಟ್ಟುತ್ತಿದ್ದವು, ಮತ್ತು ಸತ್ತವುಗಳಲ್ಲಿ ಹೆಚ್ಚಿನವು ಮಳೆಗಾಲದಲ್ಲಿ ಹುಟ್ಟಿದವು. ಎರಡನೆಯದಾಗಿ, ಸಾವುಗಳು ಎರಡು ವಯಸ್ಸಿನಲ್ಲಿ ಗುಂಪಾಗಿದ್ದವು: ಹುಟ್ಟಿದ ಮೂರು ದಿನದೊಳಗೆ ಒಂದು ಗುಂಪು, ನಾಲ್ಕರಿಂದ ಎಂಟು ವಾರದ ನಡುವೆ ಇನ್ನೊಂದು. ಮೂರನೆಯದಾಗಿ, ಹದಿನೈದು ಇಪ್ಪತ್ತು ತಾಯಿಗಳ ಪುಟದಲ್ಲಿ ಒಂದಾದ ಮೇಲೊಂದು ಮರಿ ಹೋಗಿತ್ತು; ಅದೇ ಶೆಡ್ಡಿನಲ್ಲಿ ಅದೇ ತಿಂಡಿ ತಿಂದ ಬೇರೆ ತಾಯಿಗಳು ಅವಳಿ ಮರಿಗಳನ್ನು ಸಲೀಸಾಗಿ ಸಾಕಿದ್ದವು. ಹಾಗೆ ಸಾಕಿದ್ದವುಗಳಲ್ಲಿ ಸಂಖ್ಯೆ ತುಂಬಿಸಲು ಕಟ್ಟಕಡೆಗೆ ತಂದಿದ್ದ, ಹಿರೇಬೇನೆಯಿಂದ ಉಳಿದುಕೊಂಡ ನಾಟಿ ಮೇಕೆಗಳೇ ಹೆಚ್ಚು.

ಮೊದಲ ಮೂರು ದಿನದ ಸಾವುಗಳನ್ನು ಮರಣೋತ್ತರ ಪರೀಕ್ಷೆಯಲ್ಲಿ ನೋಡಿದಾಗ ಬಹುತೇಕ ಮರಿಗಳ ಹೊಟ್ಟೆ ಖಾಲಿ. ಗಿಣ್ಣು ಹಾಲು ಇಳಿದೇ ಇರಲಿಲ್ಲ. ಎತ್ತರದ ಹಲಗೆ ನೆಲದ ಸಂದಿನಿಂದ ಮಳೆಗಾಲದ ತಣ್ಣನೆ ಗಾಳಿ ಮೇಲಕ್ಕೆ ಹೊಡೆಯುತ್ತದೆ. ಒದ್ದೆ ಮೈಯ ಮರಿ ಅರ್ಧ ಗಂಟೆಯಲ್ಲಿ ಸೆಟೆದು, ಮೊಲೆ ಹುಡುಕುವ ಶಕ್ತಿ ಕಳೆದುಕೊಳ್ಳುತ್ತದೆ. ಕೆಲವು ಬೆರಕೆ ತಾಯಿಗಳ ಮೊಲೆತೊಟ್ಟು ಹುಟ್ಟಿದ ಮರಿಯ ಬಾಯಿಗೆ ಹಿಡಿಯದಷ್ಟು ದಪ್ಪವಿತ್ತು. ದೊಡ್ಡ ಮೇಕೆಗಳ ಆರೋಗ್ಯಕ್ಕೆ ಹೇಳಿ ಮಾಡಿಸಿದಂತಿದ್ದ ನೆಲವೇ ಈಯುವ ದಿನಕ್ಕೆ ಶತ್ರುವಾಗಿತ್ತು.

ಎರಡನೆಯ ಗುಂಪಿನ ಕಾರಣ ಮರಿಗಳ ತಿಂಡಿ ತಟ್ಟೆಯಲ್ಲಿತ್ತು. ಎಳೆಯ ಮರಿಗಳಿಗೂ ಮೂರು ತಿಂಗಳ ಮರಿಗಳಿಗೂ ಒಂದೇ ಅಂಕಣ, ನೆಲಕ್ಕಿಟ್ಟ ಒಂದೇ ಅಗಲದ ತಟ್ಟೆ. ಮರಿಗಳ ಸ್ವಭಾವ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ: ಅವು ತಟ್ಟೆಯೊಳಕ್ಕೇ ಹತ್ತಿ ನಿಂತು ತಿನ್ನುತ್ತವೆ, ಅಲ್ಲೇ ಹಿಕ್ಕೆ ಹಾಕುತ್ತವೆ, ಹಿಕ್ಕೆಯಲ್ಲಿ ನೆನೆದ ಹಿಂಡಿಯನ್ನು ಮಾರನೆಯ ದಿನ ಎಳೆಯದು ನೆಕ್ಕುತ್ತದೆ. ದೊಡ್ಡ ಮರಿಗಳ ಕರುಳಿನಲ್ಲಿ ತೊಂದರೆ ಕೊಡದೆ ಇರುವ ಕಾಕ್ಸಿಡಿಯಾ ಎಂಬ ಏಕಕೋಶ ಜೀವಿ ಎಳೆಯ ಮರಿಗೆ ರಕ್ತಭೇದಿ ತರುತ್ತದೆ. ಸಲ್ಫಾ ಕೊಟ್ಟಾಗ ಕೆಲವು ಉಳಿಯುತ್ತಿದ್ದವು, ತಟ್ಟೆ ಹಾಗೆಯೇ ಇರುತ್ತಿತ್ತು.

ಬದಲಿಸಿದ್ದು

2018ರ ಮೊದಲ ತಿಂಗಳುಗಳಲ್ಲಿ ತೆಗೆದುಕೊಂಡ ತೀರ್ಮಾನಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಮಾರುವುದು. ಪುಟದಲ್ಲಿ ಎರಡು ಮರಿ ಕಳೆದುಕೊಂಡ ತಾಯಿ ಎಷ್ಟೇ ದುಬಾರಿಯಾಗಿರಲಿ, ಎಷ್ಟೇ ಚಂದವಿರಲಿ, ಅದು ಸಂತೆಗೆ. ಬೋಯರ್ ಹೋತಗಳೂ ಹೋದವು. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇದ್ದ ಅಂತರವನ್ನು ಯಜಮಾನರು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಉಳಿದ ಮೇಕೆಗಳ ಜೊತೆಗೆ, ಸುತ್ತಲ ಹಳ್ಳಿಗಳ ಮನೆಗಳಿಂದ ಅವಳಿ ಹಾಕಿ ಸಾಕಿದ ದಾಖಲೆ ಇರುವ, ಅಂದರೆ ಸಾಕಿದವರೇ ಬಾಯಿಬಿಟ್ಟು ಹೇಳಬಲ್ಲ, ನಾಟಿ ಹೆಣ್ಣುಗಳನ್ನು ಮೂರು ನಾಲ್ಕರಂತೆ ಕೊಂಡರು. ಪ್ರತಿ ಗುಂಪೂ ಮಾವಿನ ತೋಪಿನ ಮೂಲೆಯಲ್ಲಿ ಒಂದು ತಿಂಗಳು ಕಳೆದೇ ಮಂದೆ ಸೇರಿತು. ಒಟ್ಟು 45ಕ್ಕೆ ನಿಲ್ಲಿಸಿದರು.

ಹೋತಗಳನ್ನು ಬೇರೆ ಕಟ್ಟಿದರು. ಪುಸ್ತಕಗಳು ಹೇಳುವುದು ಎರಡು ವರ್ಷಕ್ಕೆ ಮೂರು ಸಲ ಈಯಿಸಬೇಕೆಂದು. ಯಜಮಾನರು ಅದನ್ನು ಕೈಬಿಟ್ಟು ವರ್ಷಕ್ಕೊಂದೇ ಸಲಕ್ಕೆ ಇಳಿದರು. ಮುಂಗಾರು ಬಿದ್ದು ಸೊಪ್ಪು ಚಿಗುರಿದ ಜೂನ್, ಜುಲೈನಲ್ಲಿ ಹೋತ ಬಿಟ್ಟರೆ, ಐದು ತಿಂಗಳ ಗಬ್ಬ ತುಂಬಿ ನವೆಂಬರ್, ಡಿಸೆಂಬರಿನಲ್ಲಿ ಈಯುತ್ತವೆ. ಆಗ ಮಳೆ ನಿಂತಿರುತ್ತದೆ, ಬೇಲಿಯ ಸೊಪ್ಪು ಇನ್ನೂ ಇರುತ್ತದೆ, ಶೇಂಗಾ ಬಳ್ಳಿ ಮನೆಗೆ ಬಂದಿರುತ್ತದೆ, ಮರಿ ಮೇಯಲು ಕಲಿಯುವ ಹೊತ್ತಿಗೆ ನೆಲ ಒಣಗಿ ಹುಳುಗಳ ಕಾಟ ಇಳಿದಿರುತ್ತದೆ. ಕಾಗದದ ಮೇಲೆ ಇದು ಮೂರನೆಯ ಒಂದು ಭಾಗ ಮರಿಗಳನ್ನು ಬಿಟ್ಟುಕೊಟ್ಟ ಹಾಗೆ. ಆದರೆ ಆ ಮೂರನೆಯ ಒಂದು ಭಾಗ ಮಳೆಗಾಲದಲ್ಲಿ ಹೇಗೂ ಸಾಯುತ್ತಿತ್ತು. ಈ ತೀರ್ಮಾನವನ್ನು ಒಪ್ಪದ ತಜ್ಞರಿದ್ದಾರೆ. ನೀರಾವರಿ ಮೇವು, ಬೆಚ್ಚನೆಯ ಮರಿಮನೆ, ರಾತ್ರಿ ಕಾಯುವ ಆಳು ಇರುವಲ್ಲಿ ಅವರ ಮಾತು ನಡೆಯಬಹುದು. ಇಬ್ಬರು ವಯಸ್ಸಾದವರು ನಡೆಸುವ ಮಂದೆಯಲ್ಲಿ ಯಜಮಾನರ ಲೆಕ್ಕವೇ ಸರಿ ಎಂದು ನನ್ನ ಅಭಿಪ್ರಾಯ.

ಈಯುವ ಜಾಗ ಹಲಗೆಯಿಂದ ನೆಲಕ್ಕೆ ಇಳಿಯಿತು. ಗೋಡೆ ಮರೆಯಲ್ಲಿ ಒಣಹುಲ್ಲು ಹಾಸಿ, ಹುಟ್ಟಿದ ಮರಿಯ ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ, ತಾಯಿ ಮೇಯಲು ಹೋದಾಗ ಬಿದಿರಿನ ಮಂಕರಿ ಕವುಚಿ ಇಡುವುದು ಅಮ್ಮನ ಕ್ರಮ. ಅವರ ತವರಿನಲ್ಲಿ ಮಾಡುತ್ತಿದ್ದುದೂ ಅದೇ. ಮರಿಗಳ ತಟ್ಟೆ ಹೋಗಿ, ತಲೆ ಮಾತ್ರ ತೂರುವ ಕಿಂಡಿಯ ಗೋದಲಿ ಬಂತು. ಸೊಪ್ಪನ್ನು ಕಂತೆ ಕಟ್ಟಿ ತೂಗುಹಾಕಿದರು. ವಯಸ್ಸಿನ ಪ್ರಕಾರ ಮರಿಗಳು ಬೇರೆಯಾದವು.

ಮೇಕೆಗಳು ಬಿಸಿಲೇರಿ ಇಬ್ಬನಿ ಆರಿದ ಮೇಲೆ ದಿನಕ್ಕೆ ಐದಾರು ಗಂಟೆ ಹೊರಗೆ ಮೇಯತೊಡಗಿದವು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಮೇಕೆ ಸಿಕ್ಕಿದ್ದೆಲ್ಲ ತಿನ್ನುತ್ತದೆ ಎಂಬ ಅರ್ಥದಲ್ಲಿ ಓಡಾಡುತ್ತದೆ. ಮಂದೆಯ ಹಿಂದೆ ಒಂದು ಗಂಟೆ ನಡೆದವರಿಗೆ ತಿಳಿಯುವುದು, ಅದು ಯಾವುದನ್ನೂ ಹೊಟ್ಟೆ ತುಂಬ ತಿನ್ನುವುದಿಲ್ಲ ಎಂದು. ಜಾಲಿಯಲ್ಲಿ ನಾಲ್ಕು ಬಾಯಿ, ಬೇವಿನಲ್ಲಿ ಎರಡು, ಬೇಲಿ ಬಳ್ಳಿಯಲ್ಲಿ ಒಂದು. ತಲೆ ಎತ್ತಿ ಎಲೆ ಕೀಳುವ ಪ್ರಾಣಿಗೆ ನೆಲದ ಹುಲ್ಲಿನಲ್ಲಿರುವ ಹುಳುಮರಿಗಳು ಕಡಿಮೆ ಸಿಗುತ್ತವೆ. ಜಂತುನಾಶಕವನ್ನು ಎಲ್ಲಕ್ಕೂ ಕೊಡುವುದು ನಿಂತು, ಹುಳುಗಳಿಂದ ರಕ್ತ ಕಡಿಮೆಯಾಗಿ ಕಣ್ಣಿನ ಒಳರೆಪ್ಪೆ ಬಿಳಿಚಿದವಕ್ಕೆ ಮಾತ್ರ, ತೂಕ ನೋಡಿ, ಮೇಕೆಯ ಪ್ರಮಾಣದಲ್ಲಿ ಕೊಡುವುದು ಶುರುವಾಯಿತು. ದಕ್ಷಿಣ ಆಫ್ರಿಕಾದಲ್ಲಿ ಕುರಿಗಳಿಗಾಗಿ ರೂಪುಗೊಂಡ ಫಮಾಚಾ ಎಂಬ ಈ ಕ್ರಮಕ್ಕೆ ಬೇಕಾದದ್ದು ಐದು ಬಣ್ಣಗಳ ಒಂದು ಕಾರ್ಡು ಮತ್ತು ಒಳ್ಳೆಯ ಬೆಳಕು.

ಮೇಯಿಸುವವನ ಜೊತೆ ಮಾಡಿಕೊಂಡ ಒಪ್ಪಂದ ಬೇರೆಯವರು ಗಮನಿಸಬೇಕಾದದ್ದು. ಸಂಬಳದ ಮೇಲೆ, ಮೂರು ತಿಂಗಳು ದಾಟಿ ಬದುಕಿದ ಪ್ರತಿ ಹದಿನೈದು ಮರಿಗೆ ಒಂದು ಮರಿ ಅವನದು. ಹುಟ್ಟಿದ ಮರಿಗಲ್ಲ, ಉಳಿದ ಮರಿಗೆ. ಆ ವರ್ಷದಿಂದ ಸೊರಗಿದ ಮರಿಯ ಸುದ್ದಿ ಅದೇ ಸಂಜೆ ಮನೆಗೆ ಬರತೊಡಗಿತು.

ಆ ನವೆಂಬರ್, ಡಿಸೆಂಬರಿನಲ್ಲಿ ಹುಟ್ಟಿದ 66ರಲ್ಲಿ 59 ಮರಿಗಳು ಮೂರು ತಿಂಗಳು ದಾಟಿದವು.

ಮಾರಾಟ

ಮರಿ ಉಳಿದ ಮೇಲೆ ಅದನ್ನು ಯಾವಾಗ, ಯಾರಿಗೆ, ಯಾವ ಅಳತೆಯಲ್ಲಿ ಕೊಡುವುದು ಎಂಬ ಪ್ರಶ್ನೆ ಎದುರಾಯಿತು. ಜೀವಮಾನವಿಡೀ ಪ್ರಾಣಿಗಳ ಜೊತೆ ಕಳೆದ ಯಜಮಾನರಿಗೆ ಮೇಕೆಯ ತೂಕ ಅಂದಾಜು ಮಾಡಲು ಬರುತ್ತಿರಲಿಲ್ಲ. ಅಕ್ಕಿರಾಂಪುರದ ಸಂತೆಯ ವ್ಯಾಪಾರಿಗೆ ಬರುತ್ತಿತ್ತು. ಅವನು ಮೇಕೆಯ ಸೊಂಟದ ಮೇಲೆ ಬೆರಳೂರಿ, ಬೆನ್ನುಮೂಳೆಯ ಎರಡೂ ಬದಿ ಒತ್ತಿ, ಒಮ್ಮೆ ಎತ್ತಿ ಇಳಿಸಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಅದರೆದುರು ಕಣ್ಣಂದಾಜಿನ ರೈತ ಯಾವಾಗಲೂ ಸೋಲುತ್ತಾನೆ. ತೂಗುವ ತಕ್ಕಡಿಯೊಂದು ಬಂದ ಮೇಲೆ ಮಾತು ಬದಲಾಯಿತು. ಚೆನ್ನಾಗಿ ಮೈಗೂಡಿದ ಮೇಕೆಯ ಜೀವತೂಕದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಮಾಂಸ ಸಿಗುತ್ತದೆ. 24 ಕಿಲೋದ್ದಕ್ಕೆ ಹನ್ನೊಂದು ಕಿಲೋ ಆಸುಪಾಸು. ಅಂಗಡಿಯ ಮಾಂಸದ ದರದಿಂದ ಹಿಂದಕ್ಕೆ ಲೆಕ್ಕ ಹಾಕಿ ಕೇಳಬೇಕಾದ ಬೆಲೆಯನ್ನು ಗೊತ್ತುಮಾಡಿಕೊಂಡೇ ವ್ಯಾಪಾರಿಯ ಎದುರು ಕೂರುವುದು ಸಾಧ್ಯವಾಯಿತು.

ಈ ಭಾಗದಲ್ಲಿ ಬೇಡಿಕೆ ಏರುವ ದಿನಗಳು ಎಲ್ಲರಿಗೂ ಗೊತ್ತು: ಯುಗಾದಿಯ ಮಾರನೆಯ ದಿನದ ಹೊಸತೊಡಕು, ಊರ ಮಾರಿಹಬ್ಬಗಳು, ಮಹಾಲಯ ಅಮಾವಾಸ್ಯೆ, ಬಕ್ರೀದ್. ಶ್ರಾವಣದಲ್ಲಿ ದರ ಕುಸಿಯುತ್ತದೆ. ಸಾಧಾರಣ ಗಂಡುಗಳನ್ನು ಒಂಬತ್ತು ಹತ್ತು ತಿಂಗಳಿಗೆ ಮಹಾಲಯಕ್ಕೆ ಕೊಟ್ಟು, ಇನ್ನೂ ಬೆಳೆಯಬಲ್ಲವುಗಳನ್ನು ಮುಂದಿನ ಹೊಸತೊಡಕಿಗೆ ಉಳಿಸಿ, ಎಲ್ಲಕ್ಕಿಂತ ಲಕ್ಷಣವಾದ ಹತ್ತನ್ನು ಬಕ್ರೀದಿಗೆ ಆರಿಸುವುದು ಕ್ರಮವಾಯಿತು. ಬಕ್ರೀದಿಗೆ ಮೇಕೆ ವರ್ಷ ತುಂಬಿರಬೇಕು. ಕೊಳ್ಳುವವರು ಬಾಯಿ ಬಿಡಿಸಿ ಎರಡು ಹಲ್ಲು ಬಂದಿದೆಯೇ ನೋಡುತ್ತಾರೆ, ಅದು ಬರುವುದು ಹದಿನಾಲ್ಕು ತಿಂಗಳ ಸುಮಾರಿಗೆ. ಕುಂಟು, ಮುರಿದ ಕೊಂಬು, ಹರಿದ ಕಿವಿ ಇರಬಾರದು. ಮೊದಲ ಸಲ ಆರಿಸಿದ ಗಂಡುಗಳಲ್ಲಿ ಮೂರರ ಕಿವಿ ಹರಿದಿತ್ತು. ನಂಬರಿನ ಓಲೆ ಬೇಲಿಗೆ ಸಿಕ್ಕಿ ಹರಿದದ್ದು. ಅಲ್ಲಿಂದ ಗಂಡು ಮರಿಗಳ ನಂಬರು ಕೊರಳಿನ ದಾರಕ್ಕೆ ಹೋಯಿತು.

ಬಕ್ರೀದ್ ಚಾಂದ್ರಮಾನದ ಹಬ್ಬವಾದುದರಿಂದ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ: 2020ರಲ್ಲಿ ಆಗಸ್ಟ್ 1, 2023ರಲ್ಲಿ ಜೂನ್ 29, 2025ರಲ್ಲಿ ಜೂನ್ 7. ನವೆಂಬರಿನಲ್ಲಿ ಹುಟ್ಟಿದ ಮರಿಗೆ ಸದ್ಯಕ್ಕೆ ವಯಸ್ಸು ಸಾಲುತ್ತದೆ. ಸಾಕುವ ತಿಂಗಳುಗಳೂ ಕಡಿಮೆಯಾಗಿ ಖರ್ಚು ಇಳಿಯುತ್ತಿದೆ. ಹಬ್ಬ ಜನವರಿಗೆ ಹತ್ತಿರವಾಗುವ ವರ್ಷಗಳಲ್ಲಿ ಈ ಹೊಂದಾಣಿಕೆ ತಪ್ಪುತ್ತದೆ ಎಂಬುದನ್ನೂ ಯಜಮಾನರು ಬರೆದಿಟ್ಟಿದ್ದಾರೆ.

ಹಬ್ಬದ ಗಂಡುಗಳನ್ನು ಬೇಗ ಮೈಗೂಡಿಸಲು ಮೆಕ್ಕೆಜೋಳ, ಬೂಸ ಧಾರಾಳವಾಗಿ ಹಾಕಿದ ವರ್ಷ ಎರಡು ಹಿಡದ (ಬೀಜ ಒಡೆದ) ಮೇಕೆಗಳಿಗೆ ಮೂತ್ರ ಕಟ್ಟಿತು. ಬೆನ್ನು ಬಾಗಿಸಿ, ಹಿಂಗಾಲು ಚಾಚಿ, ಬಾಲ ಅಲುಗಿಸುತ್ತ ತಿಣುಕುತ್ತವೆ. ತೊಟ್ಟು ತೊಟ್ಟು ಬೀಳುತ್ತದೆ, ಅದರಲ್ಲಿ ರಕ್ತ. ಕಾಳು ಮತ್ತು ಬೂಸದಲ್ಲಿ ರಂಜಕ ಹೆಚ್ಚಾಗಿ ಸುಣ್ಣದಂಶ ಕಡಿಮೆಯಾದಾಗ ಕಟ್ಟುವ ಕಲ್ಲು ಇದು, ತೀರ ಎಳೆತನದಲ್ಲಿ ಹಿಡ ಮಾಡಿದವುಗಳ ನಾಳ ಕಿರಿದಾಗಿರುವುದರಿಂದ ಅವಕ್ಕೆ ಅಪಾಯ ಹೆಚ್ಚು. ಒಂದನ್ನು ಉಳಿಸಿಕೊಳ್ಳಲಾಯಿತು. ಆಮೇಲೆ ಹಿಡ ಮಾಡುವುದನ್ನು ಐದಾರು ತಿಂಗಳಿಗೆ ಮುಂದೂಡಿ, ಕಾಳು ಇಳಿಸಿ ಹೊಟ್ಟು ಏರಿಸಿ, ಉಪ್ಪು ಮತ್ತು ಸದಾ ಶುದ್ಧ ನೀರು ಇಟ್ಟರು. ಆ ತೊಂದರೆ ಮರುಕಳಿಸಿಲ್ಲ.

ಮಾರಾಟದ ನಿಜವಾದ ತಿರುವನ್ನು ಯಾರೂ ಯೋಜಿಸಿರಲಿಲ್ಲ. 2020ರ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ, ದೇಶ ಲಾಕ್‌ಡೌನ್ ಆದ ದಿನವೇ. ಹೊಸತೊಡಕಿಗೆಂದು ಮಾತಾಡಿದ್ದ ವ್ಯಾಪಾರಿ ಬರಲಾಗಲಿಲ್ಲ, ಸಂತೆಗಳು ಮುಚ್ಚಿದವು. ಹದಿನಾರು ತಿಂಗಳ ಗಂಡುಗಳು ಶೆಡ್ಡಿನಲ್ಲೇ ಉಳಿದವು. ಆಗ ಸುತ್ತಲ ಹಳ್ಳಿಯವರೇ ನಾಲ್ಕೈದು ಮನೆ ಸೇರಿ ಒಂದೊಂದು ಮೇಕೆ ಕೊಂಡು ಗುಡ್ಡೆ ಹಾಕಿಕೊಂಡರು. ಗುಡ್ಡೆ ಮಾಂಸದ ಕ್ರಮದಲ್ಲಿ ತೊಡೆ, ಪಕ್ಕೆ, ಈಲಿ ಎಲ್ಲವೂ ಪ್ರತಿ ಪಾಲಿಗೂ ಸಮನಾಗಿ ಬೀಳುತ್ತದೆ, ಆದ್ದರಿಂದ ಜೀವತೂಕಕ್ಕೆ ಬೆಲೆ ಕಟ್ಟಿ ಹಂಚಿಕೊಳ್ಳಲು ಯಾರಿಗೂ ತಕರಾರಿಲ್ಲ. ಆ ಬೇಸಿಗೆ ಕಳೆದ ಮೇಲೆ ಯಜಮಾನರು ಸಂತೆಗೆ ಹೋಗುವುದು ವಿರಳವಾಯಿತು. ಹಬ್ಬಕ್ಕೆ ತಿಂಗಳ ಮೊದಲೇ ಜನ ಬಂದು, ಮೇಕೆ ನೋಡಿ, ತಕ್ಕಡಿಗೆ ಏರಿಸಿ, ಮುಂಗಡ ಕೊಟ್ಟು ಹೋಗುತ್ತಾರೆ.

ಈ ಪ್ರಕರಣದಿಂದ ತಿಳಿಯುವುದು

ಬೋಯರ್ ಕೆಟ್ಟ ತಳಿ, ನಾಟಿ ಮೇಕೆಯೇ ಶ್ರೇಷ್ಠ ಎಂದು ಇದರಿಂದ ತೀರ್ಮಾನಿಸುವುದು ಆತುರವಾಗುತ್ತದೆ. ಕೊಟ್ಟಿಗೆಗೇ ತಂದು ಹಾಕುವ ಮೇವಿನ ಮೇಲೆ, ಹೊಸಬರು ಕೊಡುವ ತಳಿ ಬೆಲೆಯನ್ನು ನಂಬಿ ನಿಂತ ಲೆಕ್ಕ ಸೋತಿತು ಎನ್ನುವುದಷ್ಟೇ ಸರಿ. ಮಂದೆಯ ಆರೋಗ್ಯವನ್ನು ಅಳೆಯಬೇಕಾದ ಅಂಕಿ ಯಾವುದು ಎಂಬುದು ಅದಕ್ಕಿಂತ ಮುಖ್ಯ. ಹಾಲಿನ ಕಸುಬಿನಲ್ಲಿ ಅದು ಲೀಟರ್. ಇಲ್ಲಿ ಅದು ಹುಟ್ಟಿದ ಮರಿಯೂ ಅಲ್ಲ, ಮರಿಯ ಬೆಳವಣಿಗೆಯ ವೇಗವೂ ಅಲ್ಲ. ಒಂದು ತಾಯಿಗೆ ವರ್ಷಕ್ಕೆ ಎಷ್ಟು ಮರಿ ಮೂರು ತಿಂಗಳು ದಾಟಿತು ಎಂಬುದು. ಮೇಲಿನ ಎರಡು ವರ್ಷಗಳನ್ನು ಹೋಲಿಸಿದರೆ 58 ತಾಯಿಗಳು 38 ಮರಿ ಕೊಟ್ಟದ್ದಕ್ಕೂ 45 ತಾಯಿಗಳು 59 ಕೊಟ್ಟದ್ದಕ್ಕೂ ಇರುವ ಅಂತರವನ್ನು ಯಾವ ತಳಿಯ ತೂಕವೂ ತುಂಬಲಾರದು.

ಯಜಮಾನರ ದೀರ್ಘ ಅನುಭವ ವ್ಯರ್ಥವಾಯಿತೆನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಬರೆದಿಡುವ ಶಿಸ್ತು ಇಲ್ಲದ ಘಟಕದಲ್ಲಿ ಅಮ್ಮನ ಮಾತಿಗೆ ಉತ್ತರವೇ ಇರುತ್ತಿರಲಿಲ್ಲ. ಮಾಹಿತಿ ಪೂರ್ತಿ ಇತ್ತು. ಆದರೆ ಅದು ಆಸ್ಪತ್ರೆಯ ರಿಜಿಸ್ಟರಿನ ಕ್ರಮದಲ್ಲಿತ್ತು.

ಸಾಲ ತೀರಿದೆ. ಶೆಡ್ಡಿನ ಅಡಿಯ ಹಿಕ್ಕೆ ಗೊಬ್ಬರವನ್ನು ತೆಂಗು, ಅಡಿಕೆ ತೋಟದವರು ಟ್ರ್ಯಾಕ್ಟರ್ ಲೋಡಿಗೆ ಬೆಲೆ ಕಟ್ಟಿ ಒಯ್ಯುತ್ತಾರೆ. ಮೊದಲ ಯೋಜನಾ ವರದಿಯಲ್ಲಿ ಈ ಆದಾಯದ ಉಲ್ಲೇಖವೇ ಇರಲಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು 5 ಗಂಡಿನ ಘಟಕಕ್ಕೆ ಯೋಜನಾ ವೆಚ್ಚದ 50%, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇರುವುದರಿಂದ ಅದರ ಬಗ್ಗೆ ಕೇಳಿಕೊಂಡು ಯುವಕರು ಬರುತ್ತಾರೆ. ಯಜಮಾನರು ಬೇಡವೆನ್ನುವುದಿಲ್ಲ. ಮೊದಲು ಇಪ್ಪತ್ತು ಮೇಕೆ ಎರಡು ವರ್ಷ ಸಾಕಿ, ತಾಯಿಗೊಂದು ಪುಟದ ಪುಸ್ತಕ ತುಂಬಿಸಿ ತನ್ನಿ, ಆಮೇಲೆ ಅರ್ಜಿ ಹಾಕೋಣ ಎನ್ನುತ್ತಾರೆ. ಪುಸ್ತಕ ತಂದು ತೋರಿಸಿದವರು ಇದುವರೆಗೆ ಇಬ್ಬರು.

ಬಗೆಹರಿಯದ ಎರಡು ಸಂಗತಿಗಳಿವೆ. ಮಂದೆಯಲ್ಲೇ ಹುಟ್ಟಿದ ಹೆಣ್ಣುಗಳು ಹೆಚ್ಚಿದಂತೆ ರಕ್ತಸಂಬಂಧ ತಪ್ಪಿಸಲು ಹೋತವನ್ನು ಎರಡು ವರ್ಷಕ್ಕೊಮ್ಮೆ ದೂರದ ಹಳ್ಳಿಯ ಸಾಕಣೆದಾರರ ಜೊತೆ ಬದಲಿಸಿಕೊಳ್ಳುತ್ತಿದ್ದಾರೆ; ಅವರಲ್ಲಿ ಒಬ್ಬರು ಮೇಕೆ ಬಿಟ್ಟುಬಿಟ್ಟಿದ್ದರಿಂದ ಹೊಸ ಜೊತೆಗಾರ ಬೇಕಾಗಿದ್ದಾನೆ. ಎರಡನೆಯದು ಮೇಯಿಸುವವನ ವಯಸ್ಸು. ಅವನ ಮಗ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾನೆ, ಈ ಕೆಲಸಕ್ಕೆ ಬರುವುದಿಲ್ಲ. ಗೋಮಾಳದ ಒಂದು ಭಾಗಕ್ಕೆ ಬೇಲಿ ಬಿದ್ದ ಮೇಲೆ ಮೇಯಿಸಲು ನಡೆಯಬೇಕಾದ ದೂರವೂ ಹೆಚ್ಚಿದೆ. ಕಳೆದ ಮುಂಗಾರಿನಲ್ಲಿ ಹೋತ ಬಿಡುವ ಮೊದಲು ಯಜಮಾನರು ಮಂದೆಯನ್ನು 30ಕ್ಕೆ ಇಳಿಸಿದರು. ಯಾವ ಹದಿನೈದನ್ನು ಮಾರಬೇಕೆಂದು ಪುಸ್ತಕ ನೋಡಿ ಗುರುತು ಹಾಕಿದವರು ಅಮ್ಮ.